ಉರಿಯಿಂದ ತಂಪು

ತಂಪು ಬೇಕಾದರೆ ಬೆಂಕಿ ಹೊತ್ತಿಸಿ ಎಂದು ಯಾರಾದರೂ ಹೇಳಿದರೆ ನಾವು ಅದನ್ನು ಒಗಟೆಂದೋ ವೇದಾಂತವೆಂದೋ ಭಾವಿಸುತ್ತೇವೆ. ಆದರೆ ಲೋಕದ ಕೆಲವು ಮನೆಗಳಲ್ಲಿ ಇದು ಅಡಿಗೆಮನೆಯ ಮೂಲೆಯಲ್ಲಿ ದಿನವೂ ನಡೆಯುವ ಸಂಗತಿ. ಅಲ್ಲಿ ಒಂದು ಬಿಳಿಯ ಪೆಟ್ಟಿಗೆ ನಿಂತಿರುತ್ತದೆ. ಬಾಗಿಲು ತೆರೆದರೆ ಹಾಲು, ಮೊಸರು, ಸೊಪ್ಪು, ಮೇಲಿನ ಅರೆಯಲ್ಲಿ ಮಂಜುಗಡ್ಡೆ. ಬಗ್ಗಿ ಬುಡವನ್ನು ನೋಡಿದರೆ ಅಲ್ಲೊಂದು ಪುಟ್ಟ ನೀಲಿ ಜ್ವಾಲೆ. ವಿದ್ಯುತ್ತಿನ ತಂತಿಯಿಲ್ಲ, ಮೋಟಾರಿಲ್ಲ. ನಮ್ಮ ಮನೆಗಳ ಫ್ರಿಜ್ಜು ಆಗಾಗ ನಡುಗಿ ಗೊಣಗುವ ಆ ಸದ್ದೂ ಇಲ್ಲ. ಪ್ರೊಪೇನ್ ಅನಿಲದಿಂದ ನಡೆಯುವ ಈ ರೆಫ್ರಿಜರೇಟರು ಹೇಗೆ ಕೆಲಸ ಮಾಡುತ್ತದೆ, ಅದನ್ನು ಹೇಗೆ ನೋಡಿಕೊಳ್ಳಬೇಕು, ನೋಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಈ ಯಂತ್ರ ಇಂದಿಗೂ ಮನೆಬಳಕೆಯಲ್ಲಿ ಉಳಿದಿರುವ ಮುಖ್ಯ ನೆಲೆ ಉತ್ತರ ಅಮೆರಿಕ. ವಿದ್ಯುತ್ ಕಂಬಗಳು ತಲುಪದ ಕಾಡಿನ ಮನೆಗಳಲ್ಲಿ, ಸರೋವರಗಳ ದಂಡೆಯ ಬೇಸಗೆ ಬಿಡಾರಗಳಲ್ಲಿ, ಮನೆಯನ್ನೇ ಚಕ್ರಗಳ ಮೇಲೆ ಏರಿಸಿಕೊಂಡು ಊರೂರು ಸುತ್ತುವವರ ವಾಹನಗಳಲ್ಲಿ ಇದನ್ನು ಕಾಣಬಹುದು. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸೀಮೆಯ ಆಮಿಶ್ ಪಂಗಡದ ರೈತರು, ತಮ್ಮ ಧರ್ಮದ ಕಟ್ಟಳೆಯಂತೆ, ಸಾರ್ವಜನಿಕ ವಿದ್ಯುತ್ ಜಾಲಕ್ಕೆ ತಮ್ಮ ಮನೆಗಳನ್ನು ಜೋಡಿಸಿಕೊಳ್ಳುವುದಿಲ್ಲ. ಅವರಲ್ಲಿ ಅನೇಕರ ಮನೆಗಳಲ್ಲಿಯೂ ಇರುವುದು ಅನಿಲದ ಈ ಪೆಟ್ಟಿಗೆಯೇ.

ನಾನು ವೃತ್ತಿಯಿಂದ ಯಂತ್ರಶಾಸ್ತ್ರದ ಅಧ್ಯಾಪಕನಾಗಿದ್ದವನು. ಶೈತ್ಯಯಂತ್ರಗಳ ಪಾಠವನ್ನು ಕರಿಹಲಗೆಯ ಮುಂದೆ ನಿಂತು ಹಲವು ವರ್ಷ ಹೇಳಿದ್ದೇನೆ. ನಿವೃತ್ತನಾದ ಮೇಲೆ, ಮಗಳು ಅಳಿಯಂದಿರು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿ ಸರೋವರದ ಬದಿಯ ಮರದ ಮನೆಯೊಂದನ್ನು ಬೇಸಗೆಗೆಂದು ಹಿಡಿದಾಗ, ನಾನೂ ನನ್ನ ಹೆಂಡತಿಯೂ ಮೂರು ಬೇಸಗೆಗಳನ್ನು ಅಲ್ಲಿ ಕಳೆದೆವು. ಆ ಮನೆಯ ಪ್ರೊಪೇನ್ ಫ್ರಿಜ್ಜಿನ ಯೋಗಕ್ಷೇಮ ನನ್ನ ಪಾಲಿಗೆ ಬಂತು. ಅದರೊಳಗೆ ಹಾಲು ಮೊಸರಿನ ಜೊತೆಗೆ ನನ್ನ ಹೆಂಡತಿಯ ಇನ್ಸುಲಿನ್ ಶೀಶೆಗಳೂ ಇದ್ದುದರಿಂದ ಆ ಕೆಲಸವನ್ನು ಬಿಡುವಿನ ಹವ್ಯಾಸವೆಂದು ಹಗುರವಾಗಿ ಕಾಣುವಂತಿರಲಿಲ್ಲ. ತೆರೆಯದ ಇನ್ಸುಲಿನ್ ಶೀಶೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ ಇರಬೇಕು. ಬಿಸಿಗೂ ಅದು ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಔಷಧದ ಅಂಗಡಿಯೋ ಅಲ್ಲಿಂದ ಬಹು ದೂರ.

ಯಾವುದನ್ನು ಕಾಪಾಡಬೇಕೋ ಅದರ ಸ್ವಭಾವವನ್ನು ಮೊದಲು ತಿಳಿಯಬೇಕು. ಮಣ್ಣಿನ ಹೂಜಿಯ ನೀರು ಏಕೆ ತಣ್ಣಗಿರುತ್ತದೆಂಬುದು ನಮಗೆಲ್ಲ ಗೊತ್ತು. ಹೂಜಿಯ ಮೈಯಿಂದ ಒಸರಿದ ನೀರು ಗಾಳಿಗೆ ಆರುತ್ತದೆ. ಆರುವಾಗ ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ನಾವು ಮನೆಗಳಲ್ಲಿ ಬಳಸುವ ಶೈತ್ಯ ಪೆಟ್ಟಿಗೆಗಳೂ ಮಾಡುವುದು ಇಷ್ಟನ್ನೇ. ಒಂದು ದ್ರವವನ್ನು ಪೆಟ್ಟಿಗೆಯ ಒಳಮೈಯಲ್ಲಿ ಆವಿಯಾಗಲು ಬಿಡುವುದು, ಆವಿಯಾದುದನ್ನು ಹೊರಗೆ ತಂದು ಮತ್ತೆ ದ್ರವವಾಗಿಸುವುದು, ತಿರುಗಿ ಒಳಕ್ಕೆ ಕಳಿಸುವುದು. ಹೂಜಿಯ ನೀರು ಗಾಳಿಗೆ ಹೋದದ್ದು ಹೋಯಿತು. ಫ್ರಿಜ್ಜಿನ ದ್ರವವನ್ನು ಹಾಗೆ ಕಳೆದುಕೊಳ್ಳಲಾಗದು. ಅದನ್ನು ಹಿಂದಕ್ಕೆ ತರುವ ಕೆಲಸವನ್ನು ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೋಟಾರು ಮಾಡುತ್ತದೆ. ಅನಿಲದ ಫ್ರಿಜ್ಜಿನಲ್ಲಿ ಅದನ್ನು ಮಾಡುವುದು ಬೆಂಕಿ.

ಅಮೋನಿಯವನ್ನು ನೀರಿಗೆ ಹೀರಿಸಿ, ಮತ್ತೆ ಕಾಯಿಸಿ ಹೊರಡಿಸಿ ತಂಪು ಪಡೆಯುವ ಯಂತ್ರವನ್ನು ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಷ್ಟು ಹಿಂದೆಯೇ ರೂಪಿಸಿದ್ದ. ಆದರೆ ಅಂಥ ಯಂತ್ರಗಳು ನಿಲ್ಲದೆ ನಡೆಯಲು ದ್ರವವನ್ನು ನೂಕುವ ಪಂಪು ಬೇಕಾಗಿತ್ತು. 1922ರಲ್ಲಿ ಸ್ಟಾಕ್‌ಹೋಮ್ ನಗರದ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಬಾಲ್ತ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್ ಎಂಬವರು, ಆ ಪಂಪನ್ನೂ ತೊಡೆದುಹಾಕಿದರು. ಅವರು ಮಾಡಿದ್ದು ಇಷ್ಟೆ: ಅಮೋನಿಯ ಮತ್ತು ನೀರು ಇದ್ದ ಕೊಳವೆಗಳೊಳಗೆ ಮೂರನೆಯದಾಗಿ ಜಲಜನಕವನ್ನು ಸೇರಿಸಿದರು. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸಂಸ್ಥೆ ಈ ಯುಕ್ತಿಯನ್ನು ಕೊಂಡು 1925ರಿಂದ ಮಾರಾಟಕ್ಕೆ ತಂದಿತು. ಅಮೆರಿಕದಲ್ಲಿ ಇಂಡಿಯಾನ ರಾಜ್ಯದ ಇವಾನ್ಸ್‌ವಿಲ್ ಊರಿನ ಸರ್ವೆಲ್ ಸಂಸ್ಥೆ ಇದನ್ನು ತಯಾರಿಸಿ ಮನೆಮನೆಗೆ ಮುಟ್ಟಿಸಿತು.

ಕೊಳವೆಗಳೊಳಗೆ ಏನು ನಡೆಯುತ್ತದೆಂಬುದನ್ನು ಕೊಂಚ ನಿಧಾನವಾಗಿ ನೋಡೋಣ. ಬುಡದಲ್ಲಿರುವ ಕುದಿಪಾತ್ರೆಯಲ್ಲಿ ಅಮೋನಿಯ ಕರಗಿದ ನೀರಿದೆ. ಜ್ವಾಲೆ ಅದನ್ನು ಕಾಯಿಸಿದಾಗ ಅಮೋನಿಯ ಗುಳ್ಳೆಗಳಾಗಿ ಹೊರಡುತ್ತದೆ. ಅನ್ನದ ಗಂಜಿ ಉಕ್ಕುವಾಗ ಗುಳ್ಳೆಗಳು ಗಂಜಿಯನ್ನೂ ಮೇಲಕ್ಕೆ ಹೊತ್ತು ತರುವುದಿಲ್ಲವೆ? ಹಾಗೆಯೇ ಈ ಗುಳ್ಳೆಗಳು ಸಣ್ಣ ಕೊಳವೆಯೊಂದರಲ್ಲಿ ನೀರನ್ನೂ ಗುಟುಕು ಗುಟುಕಾಗಿ ಮೇಲಕ್ಕೆತ್ತುತ್ತವೆ. ಇಡೀ ಯಂತ್ರದಲ್ಲಿ ಪಂಪೆಂದು ಕರೆಯಬಹುದಾದದ್ದು ಇದೊಂದೇ. ನೀರನ್ನು ಹಿಂದೆ ಬಿಟ್ಟು ಮೇಲೇರಿದ ಅಮೋನಿಯದ ಆವಿ, ಪೆಟ್ಟಿಗೆಯ ಹಿಂಬದಿಯ ತುದಿಯಲ್ಲಿರುವ ರೆಕ್ಕೆಗಳುಳ್ಳ ಕೊಳವೆಯಲ್ಲಿ ತನ್ನ ಶಾಖವನ್ನು ಕೋಣೆಯ ಗಾಳಿಗೆ ಒಪ್ಪಿಸಿ ದ್ರವವಾಗುತ್ತದೆ. ದ್ರವವಾದದ್ದು ತನ್ನ ಭಾರದಿಂದಲೇ ಇಳಿದು ಮಂಜಿನ ಅರೆಯ ಕೊಳವೆಗೆ ಬರುತ್ತದೆ.

ಅಲ್ಲಿ ಜಲಜನಕ ಕಾದಿರುತ್ತದೆ. ಒದ್ದೆಬಟ್ಟೆ ಒಣಗಾಳಿಯಲ್ಲಿ ಬೇಗ ಆರುವುದು ಆ ಗಾಳಿಯಲ್ಲಿ ನೀರಾವಿ ಕಡಮೆಯಿರುವುದರಿಂದಲೇ ಹೊರತು ಗಾಳಿಯ ಒಟ್ಟು ಒತ್ತಡ ಕಡಮೆಯಾದುದರಿಂದಲ್ಲ. ಹಾಗೆಯೇ, ಅಮೋನಿಯ ಬಹಳ ಕಡಮೆಯಿರುವ ಜಲಜನಕದೊಳಕ್ಕೆ ಈ ದ್ರವ ಅಮೋನಿಯ ಭರದಿಂದ ಆರುತ್ತದೆ. ಆರುತ್ತ ಒಳಗಿನ ಹಾಲಿನಿಂದಲೂ ನೀರಿನಿಂದಲೂ ಶಾಖವನ್ನು ಎಳೆದುಕೊಳ್ಳುತ್ತದೆ. ಅಮೋನಿಯ ಬೆರೆತ ಜಲಜನಕ ಭಾರವಾಗಿ ಕೆಳಗಿಳಿಯುತ್ತದೆ. ಕೆಳಗಿನ ಸುರುಳಿಯಲ್ಲಿ, ಕುದಿಪಾತ್ರೆಯಿಂದ ಬಂದು ತಣಿದ ನೀರು ಹನಿಹನಿಯಾಗಿ ಹರಿಯುತ್ತಿರುತ್ತದೆ. ಅದು ಅಮೋನಿಯವನ್ನು ಕುಡಿದು ಕುದಿಪಾತ್ರೆಗೆ ಮರಳುತ್ತದೆ. ಹಗುರಾದ ಜಲಜನಕ ತಾನಾಗಿ ಮೇಲೇರುತ್ತದೆ. ಮತ್ತೆ ಮೊದಲಿನಿಂದ ಅದೇ ಪ್ರದಕ್ಷಿಣೆ. ಬೆಂಕಿ ಮೇಲೆತ್ತುತ್ತದೆ, ಭೂಮಿ ಕೆಳಗೆಳೆಯುತ್ತದೆ; ಈ ಎರಡರ ನಡುವೆ ತಂಪು ಹುಟ್ಟುತ್ತದೆ. ನಮ್ಮ ಕೆಲವು ದೊಡ್ಡ ಹೋಟೆಲುಗಳ ಮಲಗುವ ಕೋಣೆಗಳಲ್ಲಿ ಸದ್ದೇ ಮಾಡದ ಪುಟ್ಟ ಫ್ರಿಜ್ಜುಗಳಿರುತ್ತವಲ್ಲ, ಅವುಗಳಲ್ಲಿ ಹಲವು ಇದೇ ಕುಲದವು. ಅಲ್ಲಿ ಜ್ವಾಲೆಯ ಬದಲು ಬೆಚ್ಚಗಾಗುವ ವಿದ್ಯುತ್ ತಂತಿ ಇರುತ್ತದೆ, ಅಷ್ಟೆ.

ಇದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ತಿರುಗದ್ದು ಸವೆಯುವುದಿಲ್ಲ. ದಶಕಗಳ ಕಾಲ ನಡೆದ ಇಂಥ ಯಂತ್ರಗಳುಂಟು. ಆದರೆ ಈ ಗುಣದ ಮರೆಯಲ್ಲಿಯೇ ಒಂದು ಅಪಾಯ ಅಡಗಿದೆ. ಯಂತ್ರಗಳಲ್ಲಿ ಕೂಗಿ ಕೆಡುವಂಥವು, ಸುಮ್ಮನೆ ಕೆಡುವಂಥವು ಎಂದು ಎರಡು ಬಗೆ. ಮೋಟಾರು ಕೆಡುವ ಮೊದಲು ಕಿರುಗುಟ್ಟುತ್ತದೆ, ಬಿಸಿಯಾಗುತ್ತದೆ, ವಾಸನೆ ಹೊಮ್ಮಿಸುತ್ತದೆ. ಅನಿಲದ ಫ್ರಿಜ್ಜು ಚೆನ್ನಾಗಿ ನಡೆಯುವಾಗಲೂ ಮೌನ, ಕೆಡುವಾಗಲೂ ಮೌನ. ಅದು ದೂರು ಹೇಳುವುದಿಲ್ಲ. ನಾವೇ ಹೋಗಿ ವಿಚಾರಿಸಬೇಕು. ಅದರ ಪಾಲನೆಯೆಂದರೆ ಹೀಗೆ ನಿಯಮವಾಗಿ ಹೋಗಿ ವಿಚಾರಿಸುವುದೇ.

ಮೊದಲು ವಿಚಾರಿಸಬೇಕಾದದ್ದು ಅದು ನಿಂತ ನೆಲವನ್ನು. ಕೊಳವೆಗಳಲ್ಲಿ ದ್ರವ ಇಳಿಯುವುದು ತನ್ನ ಭಾರದಿಂದ ಎಂದೆನಲ್ಲವೆ? ತೋಟದ ಕಾಲುವೆಯ ಓಟ ತಪ್ಪಿದರೆ ನೀರು ಬೇಡದ ಕಡೆ ಮಡುಗಟ್ಟುವಂತೆ, ಪೆಟ್ಟಿಗೆ ವಾಲಿದರೆ ದ್ರವವೂ ಯಾವುದೋ ತಿರುವಿನಲ್ಲಿ ನಿಂತುಬಿಡುತ್ತದೆ. ಆಗ ಕುದಿಪಾತ್ರೆಗೆ ಬರಬೇಕಾದ ನೀರು ಬರುವುದಿಲ್ಲ. ಉರಿ ಮಾತ್ರ ಉರಿಯುತ್ತಲೇ ಇರುತ್ತದೆ. ಉಕ್ಕಿನ ಕೊಳವೆಗೆ ಒಳಗಿನಿಂದ ತುಕ್ಕು ಹಿಡಿಯದಿರಲೆಂದು ಆ ನೀರಿನಲ್ಲಿ ಸೋಡಿಯಂ ಕ್ರೋಮೇಟ್ ಎಂಬ ಲವಣವನ್ನು ಕರಗಿಸಿರುತ್ತಾರೆ. ಬರಿದಾಗಿ ಕಾದ ಪಾತ್ರೆಯಲ್ಲಿ ಆ ಲವಣ ಹರಳುಗಟ್ಟಿ ಸಣ್ಣ ಕೊಳವೆಯನ್ನು ಮುಚ್ಚಿದರೆ ಯಂತ್ರದ ಆಯುಷ್ಯ ಮುಗಿದಂತೆಯೇ. ಆದ್ದರಿಂದ ಗಾರೆಯವರು ಬಳಸುವ ರಸಮಟ್ಟವನ್ನು ಮಂಜಿನ ಅರೆಯ ತಳದಲ್ಲಿಟ್ಟು, ಒಮ್ಮೆ ಎಡಬಲಕ್ಕೆ, ಒಮ್ಮೆ ಹಿಂದುಮುಂದಕ್ಕೆ ನೋಡಬೇಕು. ಗುಳ್ಳೆ ನಡುವೆ ನಿಲ್ಲುವತನಕ ಕಾಲುಗಳ ಕೆಳಗೆ ಮರದ ಚಕ್ಕೆ ಕೊಡಬೇಕು.

ಒಮ್ಮೆ ನೋಡಿದರೆ ಸಾಲದೆ ಎಂದು ಕೇಳಬಹುದು. ನಮ್ಮ ಕಡೆಯ ಕಲ್ಲುಚಪ್ಪಡಿಯ ನೆಲದಲ್ಲಾದರೆ ಬಹುಶಃ ಸಾಕು. ಉತ್ತರ ಮಿನ್ನೆಸೋಟದಲ್ಲಿ ಚಳಿಗಾಲದ ಉಷ್ಣತೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವುದುಂಟು. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ನೆಲವನ್ನೇ ಮೇಲೆತ್ತುತ್ತದೆ. ವಸಂತದಲ್ಲಿ ಕರಗಿ ಇಳಿಸುತ್ತದೆ. ಕಂಬಗಳ ಮೇಲೆ ನಿಂತ ಮರದ ಮನೆ ಪ್ರತಿ ವರ್ಷವೂ ಒಂದಿಷ್ಟು ಅತ್ತಿತ್ತ ಸರಿಯುತ್ತದೆ. ಹಿಂದಿನ ವರ್ಷ ಸಮವಾಗಿದ್ದ ಫ್ರಿಜ್ಜು ಈ ವರ್ಷ ವಾಲಿರುವುದು ಅಲ್ಲಿ ಸಹಜ. ಆ ಮನೆಯ ಬೀಗ ತೆಗೆದೊಡನೆ ನಾನು ಮೊದಲು ಕೈಗೆತ್ತಿಕೊಳ್ಳುತ್ತಿದ್ದ ಸಾಧನ ರಸಮಟ್ಟವೇ.

ಎರಡನೆಯದು ಜ್ವಾಲೆ. ಆರೋಗ್ಯವಂತ ಜ್ವಾಲೆಯ ಬಣ್ಣ ನೀಲಿ, ಅಲುಗದೆ ನಿಂತಿರುತ್ತದೆ. ತುದಿ ಹಳದಿಯಾದರೆ ಗಾಳಿ ಸಾಲದೆ ಅನಿಲ ಅರೆಬೆಂದಿದೆ ಎಂದರ್ಥ. ಹರಳೆಣ್ಣೆ ದೀಪದ ಹಳದಿ ಕುಡಿಯ ಮೇಲೆ ತಟ್ಟೆ ಹಿಡಿದು ಕಾಡಿಗೆ ಕಟ್ಟುತ್ತಿದ್ದ ನಮ್ಮ ತಾಯಂದಿರಿಗೆ ಈ ವಿಜ್ಞಾನವನ್ನು ಹೇಳಿಕೊಡಬೇಕಾಗಿಲ್ಲ. ಹಳದಿ ಉರಿಯ ಮೇಲೆ ಮಸಿ ಕೂರುತ್ತದೆ. ಹೊಗೆಕೊಳವೆಯಲ್ಲಿ ಮಸಿ ಕೂತರೆ ಗಾಳಿಯ ಸೆಳೆತ ಇನ್ನೂ ತಗ್ಗುತ್ತದೆ; ತಗ್ಗಿದರೆ ಉರಿ ಇನ್ನೂ ಹಳದಿಯಾಗುತ್ತದೆ. ಒಂದು ಕೇಡು ಇನ್ನೊಂದನ್ನು ಸಾಕುವ ಈ ವಿಷವೃತ್ತವನ್ನು ಮೊದಲ ಸುತ್ತಿನಲ್ಲಿಯೇ ಕತ್ತರಿಸಬೇಕು.

ನಮ್ಮ ಎರಡನೆಯ ಬೇಸಗೆಯಲ್ಲಿ ಹೀಗೆಯೇ ಆಯಿತು. ಉರಿ ಹೊತ್ತಿಸಿದ ಕೆಲವು ನಿಮಿಷಗಳಲ್ಲಿ ಅದರ ತುದಿ ಹಳದಿಯಾಗಿ ನಾಲಗೆ ಚಾಚತೊಡಗಿತು. ಅನಿಲವನ್ನು ನಿಲ್ಲಿಸಿ, ಕಿಟಕಿಗಳನ್ನು ತೆರೆದೆ. ಇನ್ಸುಲಿನ್ ಶೀಶೆಗಳನ್ನು ಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆಗೆ ನೇರವಾಗಿ ತಗಲದಂತೆ ಐಸ್ ಪೆಟ್ಟಿಗೆಯಲ್ಲಿಟ್ಟೆವು. ಎಲ್ಲ ತಣ್ಣಗಾದ ಮೇಲೆ ಬರ್ನರನ್ನು ಬಿಚ್ಚಿ ನೋಡಿದರೆ, ಗಾಳಿ ಒಳಸೇರುವ ಕಂಡಿಯಲ್ಲಿ ಜೇಡವೊಂದು ಅಚ್ಚುಕಟ್ಟಾಗಿ ಬಲೆ ನೇಯ್ದಿತ್ತು. ಬೆರಳ ತುದಿಯಷ್ಟು ಬಲೆ. ಮನುಷ್ಯರಿಲ್ಲದ ಏಳು ತಿಂಗಳು ಆ ಮನೆ ಅದರದೇ ಆಗಿತ್ತು. ಅದನ್ನು ದೂರಿ ಫಲವಿಲ್ಲ. ಅನಿಲದ ಬರ್ನರುಗಳ ಕಂಡಿಗಳಲ್ಲಿ ಜೇಡ, ಕಣಜಗಳು ಮನೆ ಮಾಡುವುದು ಆ ಕಡೆ ಎಲ್ಲರೂ ಬಲ್ಲ ಸಂಗತಿ.

ಬರ್ನರಿನಲ್ಲಿ ಅನಿಲ ಹೊರಡುವ ಜೆಟ್ಟಿನ ರಂಧ್ರ ಬಹಳ ಸಣ್ಣದು. ಪಂಪ್ ಸ್ಟೋವಿಗೆ ಪಿನ್ನು ಹಾಕಿ ಅಭ್ಯಾಸವಾದ ನಮ್ಮ ಕೈ ಇಲ್ಲಿಯೂ ಪಿನ್ನನ್ನೇ ಹುಡುಕುತ್ತದೆ. ಅದು ಕೂಡದು. ರಂಧ್ರ ಕೂದಲಿನಷ್ಟು ಹಿಗ್ಗಿದರೂ ಅನಿಲದ ಪ್ರಮಾಣ ಹೆಚ್ಚಿ, ಗಾಳಿಯ ಲೆಕ್ಕ ತಪ್ಪಿ, ಉರಿ ಶಾಶ್ವತವಾಗಿ ಹಳದಿಯಾಗುತ್ತದೆ. ಜೆಟ್ಟನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಗಾಳಿ ಊದಿ ಒಣಗಿಸಿ, ಬೆಳಕಿಗೆ ಹಿಡಿದು ರಂಧ್ರ ದುಂಡಗೆ ಕಾಣುತ್ತದೆಯೇ ಎಂದು ನೋಡಿದರೆ ಸಾಕು.

ಮೂರನೆಯದು ಹೊಗೆಕೊಳವೆ. ಜ್ವಾಲೆಯ ಮೇಲಿನಿಂದ ನೆಟ್ಟಗೆ ಏರುವ ಈ ಕೊಳವೆಯೊಳಗೆ ತಂತಿಯಿಂದ ಇಳಿಬಿಟ್ಟ ಒಂದು ಸುರುಳಿ ತಗಡು ಇರುತ್ತದೆ. ಬಿಸಿಗಾಳಿ ಓಡಿಹೋಗದಂತೆ ಅದನ್ನು ಸುತ್ತಿಸಿ, ಕುದಿಪಾತ್ರೆಗೆ ಶಾಖ ಸಿಕ್ಕುವಂತೆ ಮಾಡುವುದು ಅದರ ಕೆಲಸ. ವರ್ಷಕ್ಕೊಮ್ಮೆಯಾದರೂ ಅದನ್ನು ಮೇಲಕ್ಕೆಳೆದು ತೆಗೆದು, ಉದ್ದ ಹಿಡಿಯ ದುಂಡು ಬ್ರಷ್ಷಿನಿಂದ ಕೊಳವೆಯನ್ನು ಮೇಲಿನಿಂದ ಕೆಳಗೆ ಉಜ್ಜಬೇಕು. ಮೊದಲು ಬರ್ನರನ್ನು ಬಿಚ್ಚಿ ಬದಿಗಿಟ್ಟಿರಬೇಕು. ಇಲ್ಲವಾದರೆ ಉದುರಿದ ಮಸಿ ಬರ್ನರನ್ನೇ ಮುಚ್ಚುತ್ತದೆ. ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿದರೆ ಮನೆಯೊಡತಿಯ ಸಮಾಧಾನವೂ ಉಳಿಯುತ್ತದೆ. ಸುರುಳಿ ತಗಡನ್ನು ಒರೆಸಿ, ಅದು ಮುಂಚೆ ಇದ್ದ ಎತ್ತರದಲ್ಲಿಯೇ ಮತ್ತೆ ತೂಗುಹಾಕಬೇಕು. ಎತ್ತರ ತಪ್ಪಿದರೆ ತಂಪೂ ತಪ್ಪುತ್ತದೆ.

ಜ್ವಾಲೆಯ ಪಕ್ಕದಲ್ಲಿ ಬೆರಳಿನಂಥ ಒಂದು ಲೋಹದ ಕಡ್ಡಿ ಇರುತ್ತದೆ. ಇದು ಥರ್ಮೋಕಪಲ್, ಈ ಯಂತ್ರದ ಕಾವಲುಗಾರ. ಎರಡು ಬೇರೆ ಬೇರೆ ಲೋಹಗಳ ಸಂದಿ ಬಿಸಿಯಾದಾಗ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ವೋಲ್ಟಿನ ಸಾವಿರದಲ್ಲಿ ಇಪ್ಪತ್ತು ಮೂವತ್ತು ಪಾಲಿನಷ್ಟು. ಅನಿಲದ ಬಾಗಿಲನ್ನು ತೆರೆದು ಹಿಡಿದಿರಲು ಅಷ್ಟು ಸಾಕು. ಉರಿ ಆರಿದರೆ ಕಡ್ಡಿ ತಣಿಯುತ್ತದೆ, ವಿದ್ಯುತ್ತು ನಿಲ್ಲುತ್ತದೆ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಕಡ್ಡಿಯ ತುದಿಯ ಮಸಿಯನ್ನು ಮೆಲ್ಲಗೆ ಒರೆಸಿ, ಅದು ಉರಿಯೊಳಗೇ ಇದೆಯೆಂದು ನೋಡಿಕೊಳ್ಳಬೇಕು. ಉರಿ ಪದೇ ಪದೇ ಆರುತ್ತದೆಂದು ಬೇಸತ್ತು ಈ ಕಾವಲುಗಾರನನ್ನೇ ಕಟ್ಟಿಹಾಕುವುದು ಆತ್ಮಘಾತಕ್ಕೆ ಸಮ.

ಏಕೆಂದರೆ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗದೆ ನೆಲದ ಮೇಲೆ ನೀರಿನಂತೆ ಹರಡಿ ಮೂಲೆಯಲ್ಲಿ ಮಲಗುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ನಮ್ಮ ಅಡಿಗೆ ಅನಿಲಕ್ಕೆ ಮಾಡುವಂತೆ ಅದಕ್ಕೂ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಸೋರಿಕೆಯನ್ನು ಸೋಪಿನ ನೀರಿನಿಂದಲೇ ಪರೀಕ್ಷಿಸಬೇಕು. ಅನಿಲವನ್ನು ತೆರೆದು, ಪ್ರತಿ ಜೋಡಣೆಗೂ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಾಯಬೇಕು. ಕಡ್ಡಿ ಗೀರಿ ನೋಡುವವರು ಇಂದಿಗೂ ಇದ್ದಾರೆ. ಅವರ ಧೈರ್ಯಕ್ಕೆ ನನ್ನ ನಮಸ್ಕಾರ, ಅವರ ನೆರೆಯವರಿಗೆ ನನ್ನ ಸಹಾನುಭೂತಿ. ಸಿಲಿಂಡರು ಮನೆಯ ಹೊರಗೆ, ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಆವಿಯ ಬದಲು ದ್ರವವೇ ಕೊಳವೆಗೆ ನುಗ್ಗೀತು.

ಇಲ್ಲಿ ಇನ್ನೊಂದು ಮಾತು. ನಮ್ಮ ಅಡಿಗೆ ಸಿಲಿಂಡರಿನಲ್ಲಿರುವುದು ಬ್ಯೂಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಗೆ ಕುದಿಯುತ್ತದೆ. ನಮ್ಮ ಹವೆಗೆ ಅದು ತಕ್ಕುದೇ. ಹಿಮದ ನಾಡಿನಲ್ಲಿ ಅದು ಸಿಲಿಂಡರಿನ ತಳದಲ್ಲಿ ದ್ರವವಾಗಿಯೇ ಉಳಿದೀತು. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಆ ನಾಡಿನವರು ಪ್ರೊಪೇನನ್ನು ನೆಚ್ಚಿಕೊಂಡದ್ದಕ್ಕೆ ಇದು ಕಾರಣ. ಮಧ್ಯಮ ಗಾತ್ರದ ಫ್ರಿಜ್ಜೊಂದು ದಿನಕ್ಕೆ ಅರ್ಧದಿಂದ ಮುಕ್ಕಾಲು ಕಿಲೋಗ್ರಾಮಿನಷ್ಟನ್ನು ಉರಿಸುತ್ತದೆ. ನಮ್ಮ 14.2 ಕಿಲೋಗ್ರಾಮಿನ ಸಿಲಿಂಡರಿನಷ್ಟು ಅನಿಲ ಅದಕ್ಕೆ ಮೂರು ವಾರದ ಊಟ.

ನಾಲ್ಕನೆಯದು ಗಾಳಿ. ಒಳಗಿನಿಂದ ಎಳೆದ ಶಾಖವೂ ಜ್ವಾಲೆಯ ಶಾಖವೂ ಸೇರಿ ಪೆಟ್ಟಿಗೆಯ ಹಿಂಬದಿಯಿಂದ ಹೊರಹೋಗಬೇಕು. ಕೆಳಗಿನಿಂದ ತಣ್ಣನೆಯ ಗಾಳಿ ಬಂದು, ರೆಕ್ಕೆಗಳನ್ನು ಸವರಿ, ಮೇಲಿನಿಂದ ಹೋಗಲು ದಾರಿಯಿರಬೇಕು. ಹಿಂಬದಿಯನ್ನು ಗೋಡೆಗೆ ಒತ್ತುವುದು, ತಲೆಯ ಮೇಲೆ ಡಬ್ಬಿಗಳನ್ನು ಪೇರಿಸುವುದು, ರೆಕ್ಕೆಗಳ ಮೇಲೆ ಧೂಳು ಕೂರಗೊಡುವುದು, ಈ ಮೂರೂ ಅದರ ಉಸಿರನ್ನು ಕಟ್ಟಿಸುತ್ತವೆ. ಧೂಳು ಹೊಡೆಯುವಾಗ ಕೊಳವೆಗಳ ಮೇಲೊಮ್ಮೆ ಕಣ್ಣಾಡಿಸಬೇಕು. ಬೆಸುಗೆಯ ಬಳಿ ಹಳದಿ ಕಲೆಯೋ ಪುಡಿಯೋ ಕಂಡರೆ, ಮೂಗಿಗೆ ಅಮೋನಿಯದ ಘಾಟು ಬಡಿದರೆ, ಒಳಗಿನದು ಸೋರಿದೆ ಎಂದು ತಿಳಿಯಬೇಕು. ಆಗ ಅನಿಲ ನಿಲ್ಲಿಸಿ, ಕಿಟಕಿ ತೆರೆದು ಹೊರಗೆ ಬರುವುದೇ ವಿವೇಕ. ಕೊಳವೆಯೊಳಗಿನ ಒತ್ತಡ ವಾತಾವರಣದ ಒತ್ತಡದ ಇಪ್ಪತ್ತು ಪಟ್ಟಿಗೂ ಮಿಗಿಲಾಗಿರುತ್ತದೆ. ಜಲಜನಕವೋ ಹೊತ್ತಿಕೊಳ್ಳುವ ಅನಿಲ. ಮನೆಯಲ್ಲಿ ಕೈಹಾಕುವ ಕೆಲಸ ಅದಲ್ಲ.

ಐದನೆಯದು ಒಳಗಿನ ಒಪ್ಪ. ಈ ಯಂತ್ರ ನಿಧಾನಿ. ಹೊತ್ತಿಸಿದ ಮೇಲೆ ಪೂರ್ತಿ ತಣಿಯಲು ಒಂದು ದಿನ ಹಿಡಿಯುವುದುಂಟು. ಕುದಿಯುವ ಸಾರಿನ ಪಾತ್ರೆಯನ್ನು ಹಾಗೆಯೇ ಒಳಗಿಟ್ಟರೆ ಅದರ ಒಂದು ದಿನದ ತಪಸ್ಸು ಕೆಟ್ಟಂತೆಯೇ. ಮಂಜು ಕಿರುಬೆರಳ ಅರ್ಧದಷ್ಟು ದಪ್ಪ ಬೆಳೆಯುವ ಮೊದಲೇ ಉರಿ ಆರಿಸಿ ಕರಗಿಸಬೇಕು. ಮಂಜಿನ ಪದರ ಕಂಬಳಿಯಂತೆ ತಂಪನ್ನು ತಡೆಯುತ್ತದೆ. ಚಾಕುವಿನಿಂದ ಕೆತ್ತಬಾರದು, ಬಿಸಿನೀರಿನ ಪಾತ್ರೆಯೊಂದನ್ನು ಒಳಗಿಟ್ಟರೆ ಸಾಕು. ಬಾಗಿಲಿನ ರಬ್ಬರು ಪಟ್ಟಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಬೇಕು. ಬಿಗಿಯಿಲ್ಲದೆ ಜಾರಿ ಬಂದರೆ ಅಲ್ಲಿಂದ ತಂಪೂ ಜಾರುತ್ತಿದೆ. ಒಂದು ಲೋಟ ನೀರಿನಲ್ಲಿ ಉಷ್ಣಮಾಪಕವನ್ನು ಅದ್ದಿ ನಡುವಿನ ಅರೆಯಲ್ಲಿಟ್ಟು, ಬೆಳಿಗ್ಗೆ ಸಂಜೆ ಓದಿ ಬರೆದಿಡುವುದು ನನ್ನ ಪದ್ಧತಿಯಾಗಿತ್ತು. ಆ ಅಂಕೆ 8ನ್ನು ದಾಟಲಿಲ್ಲ, 2ಕ್ಕಿಂತ ಇಳಿಯಲಿಲ್ಲ ಎಂಬುದು ಮೂರು ಬೇಸಗೆಗಳ ನನ್ನ ಗಳಿಕೆ.

ಇನ್ನು, ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳದಿ ಉರಿ ಕೇವಲ ಮಸಿಯನ್ನು ಕಾರುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನೂ ಹೊರಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಘಾಟಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಅಪ್ಪಿಕೊಂಡ ಮೇಲೆ ಆಮ್ಲಜನಕಕ್ಕೆ ಎಡೆಯಿಲ್ಲ. ಮೊದಲು ತಲೆನೋವು, ಓಕರಿಕೆ, ಆಯಾಸ. ನೆಗಡಿ ಜ್ವರವಿರಬೇಕೆಂದು ಕಿಟಕಿ ಮುಚ್ಚಿ, ಹೊದ್ದು ಮಲಗಿದವರು ಏಳುವುದೇ ಇಲ್ಲ. 1933ರಿಂದ 1957ರವರೆಗೆ ತಯಾರಾದ ಸರ್ವೆಲ್ ಅನಿಲ ರೆಫ್ರಿಜರೇಟರುಗಳನ್ನು ಬಳಸಬಾರದೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಮಸಿ ಕಟ್ಟಿದ ಹಳೆಯ ಪೆಟ್ಟಿಗೆಗಳು ಮನೆಮಂದಿಯನ್ನು ನಿದ್ದೆಯಲ್ಲಿಯೇ ಕೊಂದ ಪ್ರಕರಣಗಳು ಅದಕ್ಕೆ ಕಾರಣ. ತಣ್ಣಗೆ ನಡೆಯುತ್ತಿರುವ ಫ್ರಿಜ್ಜು ಸುರಕ್ಷಿತವೆಂದು ನಂಬುವಂತಿಲ್ಲ. ಹಾಲು ತಣ್ಣಗೇ ಇರುತ್ತದೆ, ಮನುಷ್ಯರೂ ತಣ್ಣಗಾಗುತ್ತಾರೆ. ಆದ್ದರಿಂದ ಇಂಥ ಯಂತ್ರವಿರುವ ಮನೆಯಲ್ಲಿ ಹೊಗೆ ಹೊರಹೋಗುವ ದಾರಿಯೂ, ಈ ಅನಿಲವನ್ನು ಗುರುತಿಸಿ ಕೂಗುವ ಅಲಾರಮೂ ಇರಲೇಬೇಕು. ಮೂಕ ಯಂತ್ರದ ಪಕ್ಕದಲ್ಲಿ ಬಾಯಿಯುಳ್ಳ ಒಬ್ಬನನ್ನು ಕೂರಿಸುವುದು ಜಾಣತನ.

ಈ ಯಂತ್ರಕ್ಕೂ ನಮ್ಮ ನಾಡಿಗೂ ನಂಟಿಲ್ಲದೆ ಇಲ್ಲ. ವಿದ್ಯುತ್ತು ಬರುವ ಮುನ್ನ ನಮ್ಮ ದೇಶದ ಗುಡ್ಡಗಾಡಿನ ತೋಟಗಳ ಬಂಗಲೆಗಳಲ್ಲಿಯೂ ಕೆಲವು ಆಸ್ಪತ್ರೆಗಳಲ್ಲಿಯೂ ಇದರ ಅಣ್ಣನಿದ್ದ. ಅವನು ಉರಿಸುತ್ತಿದ್ದುದು ಸೀಮೆಎಣ್ಣೆ. ಬತ್ತಿ ಕತ್ತರಿಸುವುದು, ಮಸಿ ತೆಗೆಯುವುದು, ಮಟ್ಟ ನೋಡುವುದು ಅವನಿಗೂ ನಡೆಯುತ್ತಿದ್ದ ಸೇವೆಯೇ. ವಿಶ್ವ ಆರೋಗ್ಯ ಸಂಸ್ಥೆ 1974ರಲ್ಲಿ ಮಕ್ಕಳ ಲಸಿಕೆಯ ವಿಸ್ತೃತ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ, ವಿದ್ಯುತ್ತಿಲ್ಲದ ನಾಡುಗಳ ಎಷ್ಟೋ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಯನ್ನು ಕಾದದ್ದು ಸೀಮೆಎಣ್ಣೆಯ ಅಥವಾ ಅನಿಲದ ಇಂಥ ಪೆಟ್ಟಿಗೆಗಳು. ಅಲ್ಲಿಯೂ ಬೇಕಾದದ್ದು ಅದೇ 2ರಿಂದ 8 ಡಿಗ್ರಿ. ಇಂದು ಆ ಜಾಗಕ್ಕೆ ಸೂರ್ಯಶಕ್ತಿಯ ಫ್ರಿಜ್ಜುಗಳು ಬರುತ್ತಿವೆ, ಅದು ಒಳ್ಳೆಯದೇ. ಆದರೆ ಅಷ್ಟು ಕಾಲ ಒಂದು ಜ್ವಾಲೆಯ ಬಣ್ಣವನ್ನು ದಿನವೂ ಬಗ್ಗಿ ನೋಡಿದ ಹೆಸರಿಲ್ಲದ ಕೈಗಳಿಗೆ ನಾವು ಋಣಿಗಳು.

ಪ್ರೊಪೇನ್ ಫ್ರಿಜ್ಜು ಈ ಮಾತನ್ನು ಕೇಳುತ್ತಿರುವವರ ಮನೆಗಳಲ್ಲಿ ಇರಲಾರದು. ಆದರೆ ನಮ್ಮ ಪಟ್ಟಣಗಳ ಎಷ್ಟೋ ಮನೆಗಳ ಬಚ್ಚಲಿನಲ್ಲಿ ಗ್ಯಾಸ್ ಗೀಸರು ಇದೆ. ಅದೂ ಅದೇ ಜ್ವಾಲೆ, ಅದೇ ಗಾಳಿಯ ಲೆಕ್ಕ, ಅದೇ ವಿಷಾನಿಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಸ್ನಾನಕ್ಕೆ ಹೋದವರು ಹೊರಬಾರದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಗೀಸರನ್ನು ಬಚ್ಚಲಿನ ಹೊರಗೆ ಗಾಳಿಯಾಡುವೆಡೆ ಇರಿಸುವುದು, ವರ್ಷಕ್ಕೊಮ್ಮೆ ಬರ್ನರನ್ನು ಬಲ್ಲವರಿಂದ ಶುಚಿಗೊಳಿಸುವುದು, ಉರಿಯ ಬಣ್ಣವನ್ನು ಗಮನಿಸುವುದು, ಇವು ಹೆಚ್ಚು ವೆಚ್ಚದ ಕೆಲಸಗಳಲ್ಲ. ಸದ್ದು ಮಾಡದೆ ನಮ್ಮ ಸೇವೆ ಮಾಡುವ ಯಂತ್ರವನ್ನು ಮರೆಯುವುದು ಸುಲಭ. ಮರೆಯದಿರುವುದಕ್ಕೆ ಬೇಕಾದದ್ದು ದಿನಕ್ಕೊಂದು ನಿಮಿಷ, ಒಮ್ಮೆ ಬಗ್ಗುವ ಬೆನ್ನು, ಮತ್ತು ನೀಲಿ ಯಾವುದು ಹಳದಿ ಯಾವುದು ಎಂಬ ತಿಳಿವು, ಇಷ್ಟೆ.